ಬಿಪಿ ಇದೆ ಎಂದು ತಿಳಿದ ಮೇಲೂ ಅದು ಹಿಡಿತಕ್ಕೆ ಬರುವುದಿಲ್ಲವೇಕೆ?

ನಾಡಿಮಿಡಿತ:

ಪ್ರತಿ ವರ್ಷ ಮೇ 17ರಂದು ವಿಶ್ವ ಅಧಿಕ ರಕ್ತದೊತ್ತಡ ದಿನವನ್ನೂ ಸೆಪ್ಟೆಂಬರ್ 29ರಂದು ವಿಶ್ವ ಹೃದಯ ದಿನವನ್ನೂ ಆಚರಿಸುತ್ತಾರೆ. ಆ ಸಂದರ್ಭದಲ್ಲಿ ನಡೆಯುವ ಶಿಬಿರಗಳ ಕೆಲಸ ಬಹುಮಟ್ಟಿಗೆ ತೋಳಿಗೆ ಪಟ್ಟಿ ಸುತ್ತಿ, ಎರಡು ಅಂಕಿಗಳನ್ನು ಬರೆದ ಚೀಟಿಯನ್ನು ಕೈಗಿತ್ತು ಕಳುಹಿಸುವಲ್ಲಿಗೆ ಮುಗಿದುಹೋಗುತ್ತದೆ. ಆ ಚೀಟಿಯನ್ನು ಹಿಡಿದುಕೊಂಡು ಹೋದವರು ಮುಂದೆ ಏನು ಮಾಡಿದರು ಎಂಬುದನ್ನು ಕೇಳುವವರು ವಿರಳ. ಈ ಚರ್ಚೆಯನ್ನು ನಾನು ತೆರೆಯುತ್ತಿರುವುದು ಆ ‘ಮುಂದೆ’ಯ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಶೇ. 46ರಷ್ಟು ಮಂದಿಗೆ ಅದು ಇರುವ ವಿಷಯವೇ ಗೊತ್ತಿಲ್ಲ, ಶೇ. 42ರಷ್ಟು ಮಂದಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಒತ್ತಡ ನಿಜವಾಗಿ ಹತೋಟಿಯಲ್ಲಿರುವುದು ಐವರಲ್ಲಿ ಒಬ್ಬರಿಗೆ ಮಾತ್ರ. ಗೊತ್ತಿಲ್ಲದವರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನ್ನನ್ನು ಕಾಡುವುದು ಕೊನೆಯ ಎರಡು ಅಂಕಿಗಳ ನಡುವಿನ ಅಂತರ: ಚಿಕಿತ್ಸೆ ಪಡೆಯುತ್ತಿರುವವರಲ್ಲಿಯೇ ಅರ್ಧದಷ್ಟು ಮಂದಿಯ ಒತ್ತಡ ಇಳಿದಿಲ್ಲ. ಅವರಿಗೆ ಕಾಯಿಲೆಯ ಹೆಸರು ಗೊತ್ತು, ಮಾತ್ರೆಯ ಬಣ್ಣವೂ ಗೊತ್ತು. ಹಾಗಿದ್ದರೆ ಎಲ್ಲಿ ಕೈತಪ್ಪುತ್ತಿದೆ?

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತವನ್ನು ಹೊರದೂಡುತ್ತದೆ. ಪ್ರತಿ ಮಿಡಿತದಲ್ಲೂ ಅದು ಎದುರಿಸಬೇಕಾದ ಒತ್ತಡ ಹೆಚ್ಚಾದರೆ ಎಡ ಹೃತ್ಕುಕ್ಷಿಯ, ಎಂದರೆ ದೇಹಕ್ಕೆ ರಕ್ತ ತಳ್ಳುವ ಕೋಣೆಯ, ಗೋಡೆ ದಪ್ಪವಾಗುತ್ತಾ ಬಿರುಸಾಗುತ್ತದೆ. ರಕ್ತನಾಳಗಳ ಒಳಪದರಕ್ಕೆ ಪೆಟ್ಟಾಗಿ ಕೊಬ್ಬು ಸೇರಿಕೊಳ್ಳಲು ದಾರಿಯಾಗುತ್ತದೆ. ಮೂತ್ರಪಿಂಡ, ಕಣ್ಣಿನ ಅಕ್ಷಿಪಟಲ ಮತ್ತು ಮಿದುಳಿನ ಸಣ್ಣ ನಾಳಗಳು ಸವೆಯುತ್ತವೆ. ಇಷ್ಟೆಲ್ಲ ನಡೆಯುವಾಗ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ತಲೆನೋವು ಬಂದರೆ ಬಿಪಿ ಏರಿದೆ, ಬರದಿದ್ದರೆ ಸರಿಯಿದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡ ವರ್ಷಗಟ್ಟಲೆ ಏರುತ್ತಲೇ ಇತ್ತು, ಆದರೆ ವೈದ್ಯರ ಕೈಯಲ್ಲಿ ಪರಿಣಾಮಕಾರಿ ಔಷಧವೇ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡ ದಿನ ಅದು 300/190 ತಲುಪಿತ್ತು. ಮೂರು ವರ್ಷಗಳ ಬಳಿಕ, 1948ರಲ್ಲಿ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ 5,209 ನಿವಾಸಿಗಳನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಆರಂಭವಾಯಿತು. ಒತ್ತಡ, ಧೂಮಪಾನ, ಕೊಲೆಸ್ಟರಾಲ್ ಇವು ಹೃದ್ರೋಗದ ಅಪಾಯವನ್ನು ಏರಿಸುತ್ತವೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. ಅಂದು ಔಷಧವಿಲ್ಲದೆ ಸೋತರು. ಇಂದು ಔಷಧವಿದ್ದೂ ಸೋಲುತ್ತಿದ್ದೇವೆ. ಅನುಭವವಿರುವವರು, ವಿಷಯ ಬಲ್ಲವರು ದಯವಿಟ್ಟು ಬರೆಯಬೇಕು.

ಗಣಿತ ಮೇಷ್ಟ್ರು:

ಚರ್ಚೆ ತೆರೆದದ್ದಕ್ಕೆ ಧನ್ಯವಾದಗಳು. ನನ್ನದು ಮೂಲಭೂತವಾದ ತಕರಾರು. ಒಂದು ಕಡೆ 140/90 ದಾಟಿದರೆ ಕಾಯಿಲೆ ಎನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದವು. ನನ್ನ ಮೇಲಿನ ಅಂಕಿ ಸಾಮಾನ್ಯವಾಗಿ 134ರ ಆಸುಪಾಸಿನಲ್ಲಿರುತ್ತದೆ. ಒಂದು ಪುಸ್ತಕದಲ್ಲಿ ನಾನು ಆರೋಗ್ಯವಂತ, ಇನ್ನೊಂದರಲ್ಲಿ ರೋಗಿ. ಗೆರೆ ಹೀಗೆ ಜಾರುವುದಾದರೆ ಜನ ಯಾವುದನ್ನು ನಂಬಬೇಕು? ಗೆರೆಯನ್ನು ಕೆಳಗಿಳಿಸಿದಷ್ಟೂ ಮಾತ್ರೆ ಮಾರುವವರಿಗೆ ಲಾಭ ಎಂದು ಯಾರಾದರೂ ಅನುಮಾನಿಸಿದರೆ ಅದನ್ನು ತಪ್ಪೆನ್ನಲು ನನ್ನಿಂದಾಗದು.

ವೈದ್ಯಕೀಯ ಬೋಧಕ:

ಮೇಷ್ಟ್ರೇ, ನಿಮ್ಮ ಅನುಮಾನ ಸಹಜವಾದದ್ದೇ. ಆದರೆ ದೇಹದೊಳಗೆ ಅಂಥ ಗೆರೆಯೇ ಇಲ್ಲ ಎಂಬುದನ್ನು ಮೊದಲು ಗಮನಿಸಬೇಕು. 2002ರಲ್ಲಿ 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 40ರಿಂದ 69ರ ವಯಸ್ಸಿನವರಲ್ಲಿ 115/75ರಿಂದ ಮೇಲಕ್ಕೆ, ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಏರಿದಂತೆಲ್ಲ, ಪಾರ್ಶ್ವವಾಯು ಮತ್ತು ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸರಿಸುಮಾರು ಇಮ್ಮಡಿಯಾಗುತ್ತಾ ಹೋಗುವುದು ಕಂಡುಬಂತು. ಅಂದರೆ 139ರಲ್ಲಿ ಸುರಕ್ಷಿತವಾಗಿದ್ದವನು 141ರಲ್ಲಿ ದಿಢೀರನೆ ಅಪಾಯಕ್ಕೆ ಬೀಳುವುದಿಲ್ಲ. ಗೆರೆ ಎಳೆಯುವುದು ಚಿಕಿತ್ಸೆಯಿಂದ ಆಗುವ ಪ್ರಯೋಜನ ಅದರ ತೊಂದರೆಗಿಂತ ಯಾವ ಹಂತದಲ್ಲಿ ಹೆಚ್ಚು ಎಂದು ತೀರ್ಮಾನಿಸುವುದಕ್ಕಾಗಿ. ಆ ತೀರ್ಮಾನ ಹೊಸ ಪುರಾವೆ ಬಂದಂತೆ ಬದಲಾಗುತ್ತದೆ.

2017ರ ಬದಲಾವಣೆಯ ಹಿಂದಿದ್ದ ಮುಖ್ಯ ಪುರಾವೆಗಳಲ್ಲೊಂದು 2015ರಲ್ಲಿ ಹೊರಬಂದ ‘ಸ್ಪ್ರಿಂಟ್’ ಪ್ರಯೋಗ. ಹೃದಯದ ತೊಂದರೆಯ ಸಂಭವ ಹೆಚ್ಚಾಗಿದ್ದ, ಆದರೆ ಮಧುಮೇಹವಾಗಲಿ ಹಿಂದೆ ಪಾರ್ಶ್ವವಾಯುವಾಗಲಿ ಇಲ್ಲದಿದ್ದ, 50 ದಾಟಿದ 9,361 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮೇಲಿನ ಅಂಕಿಯನ್ನು 140ರ ಕೆಳಗೆ, ಇನ್ನೊಂದರಲ್ಲಿ 120ರ ಕೆಳಗೆ ತರುವ ಗುರಿಯಿತ್ತು. ಎರಡನೆಯ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳದ ಗಂಭೀರ ಘಟನೆಗಳು ಶೇ. 25ರಷ್ಟು, ಒಟ್ಟು ಸಾವುಗಳು ಶೇ. 27ರಷ್ಟು ಕಡಿಮೆಯಾಗಿದ್ದವು, ವ್ಯತ್ಯಾಸ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಆದರೆ ಅದೇ ಗುಂಪಿನಲ್ಲಿ ಒತ್ತಡ ತೀರಾ ಕುಸಿಯುವುದು, ಪ್ರಜ್ಞೆ ತಪ್ಪುವುದು, ಮೂತ್ರಪಿಂಡದ ಕಾರ್ಯ ತಾತ್ಕಾಲಿಕವಾಗಿ ಕುಗ್ಗುವುದು ಹೆಚ್ಚಾಗಿತ್ತು. ಪ್ರಯೋಜನವನ್ನು ಹೇಳುವವರು ಈ ಎರಡನೆಯ ಭಾಗವನ್ನು ನುಂಗಿಬಿಡುವುದುಂಟು, ಹಾಗಾಗಬಾರದು.

ನಿಮ್ಮ 134ರ ವಿಷಯಕ್ಕೆ ಬಂದರೆ, ಆ ಅಂಕಿಯೊಂದನ್ನೇ ಹಿಡಿದು ಮಾತ್ರೆ ಬರೆಯುವವರು ಅಪರೂಪ. ವಯಸ್ಸು, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಧೂಮಪಾನ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಇತಿಹಾಸ, ಇವೆಲ್ಲವನ್ನೂ ಕೂಡಿಸಿ ನೋಡುತ್ತಾರೆ. ಬೇರೇನೂ ಇಲ್ಲದಿದ್ದರೆ ತೂಕ, ಉಪ್ಪು, ನಡಿಗೆ ಇವುಗಳಿಂದ ಆರಂಭಿಸಿ ಕೆಲವು ತಿಂಗಳು ಕಾದು ನೋಡಲು ಹೇಳುತ್ತಾರೆ. ಅಂದಹಾಗೆ, ಆ 134 ಬಂದದ್ದು ಹೇಗೆ ಅಳೆದಾಗ?

ಗಣಿತ ಮೇಷ್ಟ್ರು:

ಶಾಲೆಯಿಂದ ಮರಳುವಾಗ ಔಷಧದ ಅಂಗಡಿಯಲ್ಲಿ ನಿಂತೇ ಅಳೆಸಿಕೊಳ್ಳುತ್ತೇನೆ. ಅದರಲ್ಲೇನಾದರೂ ದೋಷವಿದೆಯೇ?

ಹಿರಿಯ ಶುಶ್ರೂಷಕಿ:

ಮೇಷ್ಟ್ರೇ, ಅದರಲ್ಲಿ ದೋಷವಿದೆ. ಈ ಚರ್ಚೆಯಲ್ಲಿ ನಾನು ಹೇಳಬೇಕೆಂದುಕೊಂಡಿದ್ದ ಬಹುಪಾಲು ಮಾತು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ರಕ್ತದೊತ್ತಡವನ್ನು ಅಳೆಯುವ ವಿದ್ಯೆ ತೀರಾ ಹಳೆಯದೇನಲ್ಲ. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲಕ್ಕೆ ಏರುವುದನ್ನು ಕಂಡನೆಂದು ದಾಖಲಿಸಿದ್ದಾನೆ. ಇಟಲಿಯ ರೀವಾ ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ರೂಪಿಸಿದ. ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ 1905ರಲ್ಲಿ ಆ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದ. ಗಾಳಿ ಇಳಿಯುತ್ತಾ ಬಂದಂತೆ ಮೊದಲ ಟಕ್ ಎಂಬ ಸದ್ದು ಕೇಳಿದಾಗ ಮೇಲಿನ ಅಂಕಿ, ಸದ್ದು ಅಡಗಿದಾಗ ಕೆಳಗಿನ ಅಂಕಿ. ಪಾದರಸದ ಉಪಕರಣ ಹೋಗಿ ವಿದ್ಯುತ್ ಯಂತ್ರಗಳು ಬಂದರೂ, ಕುಳಿತುಕೊಳ್ಳಬೇಕಾದ ಕ್ರಮ ಬದಲಾಗಿಲ್ಲ.

ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಚಹಾ, ಧೂಮಪಾನ, ವ್ಯಾಯಾಮ ಇವೊಂದೂ ಇರಬಾರದು. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಪಾದಗಳೆರಡನ್ನೂ ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನಿರಬೇಕು. ಸುಮ್ಮನಿರುವುದೆಂದರೆ ಮೊಬೈಲನ್ನೂ ಕೆಳಗಿಟ್ಟು ಸುಮ್ಮನಿರುವುದು. ತೋಳನ್ನು ಮೇಜಿನ ಮೇಲೆ, ಪಟ್ಟಿಯ ನಡುಭಾಗ ಹೃದಯದ ಮಟ್ಟಕ್ಕೆ ಬರುವಂತೆ ಇಡಬೇಕು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೋಳನ್ನು ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟಾಗ ಆರಕ್ಕೂ ಹೆಚ್ಚು ಏರಿ ಕಂಡಿತು. ನಿಂತುಕೊಂಡು, ಕೈ ಇಳಿಬಿಟ್ಟು, ಅಂಗಡಿಯವರೊಂದಿಗೆ ಮಾತನಾಡುತ್ತಾ ಅಳೆಸಿಕೊಂಡರೆ ಈ ತಪ್ಪುಗಳೆಲ್ಲ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಇನ್ನು ಪಟ್ಟಿಯ ಅಳತೆ. ದಪ್ಪ ತೋಳಿಗೆ ಸಾಮಾನ್ಯ ಗಾತ್ರದ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಹುಟ್ಟಿಕೊಳ್ಳುತ್ತದೆ. ತೆಳು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇರುವ ಬಿಪಿ ಮರೆಯಾಗುತ್ತದೆ. ಯಂತ್ರ ಕೊಳ್ಳುವ ಮುನ್ನ ಹೊಲಿಗೆಯ ಟೇಪಿನಿಂದ ಭುಜ ಮತ್ತು ಮೊಣಕೈಗಳ ನಡುವಿನ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಮುದ್ರಿಸಿರುವ ಸೆಂಟಿಮೀಟರ್ ಅಳತೆಗೆ ಅದು ಹೊಂದುತ್ತದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಬಾರದು. ಅಂಗಿಯ ತೋಳನ್ನು ಮೇಲಕ್ಕೆ ಬಿಗಿಯಾಗಿ ಸುರುಳಿ ಸುತ್ತುವುದೂ ಸರಿಯಲ್ಲ, ಅದೇ ಇನ್ನೊಂದು ಪಟ್ಟಿಯಂತಾಗುತ್ತದೆ. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು. ಎರಡು ತೋಳುಗಳ ನಡುವೆ ದೊಡ್ಡ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಮಣಿಕಟ್ಟಿನ ಯಂತ್ರಗಳು ಕೈಯ ಎತ್ತರ ಸ್ವಲ್ಪ ಬದಲಾದರೂ ಅಂಕಿ ಬದಲಿಸುವುದರಿಂದ ತೋಳಿನ ಯಂತ್ರವೇ ವಾಸಿ.

ಹೊಸ ಸದಸ್ಯೆ:

ನಮಸ್ಕಾರ. ನಾನು ಮನೆಯಲ್ಲಿ ಒಂದರ ಹಿಂದೊಂದು ಮೂರು ಬಾರಿ ಅಳೆದರೆ ಮೂರೂ ಬೇರೆ ಬರುತ್ತವೆ. ವೈದ್ಯರ ಬಳಿ ಹೋದಾಗ ಮಾತ್ರ 150ರ ಮೇಲೆ, ಮನೆಯಲ್ಲಿ 125. ಯಾವುದನ್ನು ನಂಬಲಿ? ಯಂತ್ರ ಕೆಟ್ಟಿದೆಯೇ?

ಹಿರಿಯ ಶುಶ್ರೂಷಕಿ:

ಯಂತ್ರ ಕೆಟ್ಟಿರಲಾರದು, ತಂಗಿ. ಒತ್ತಡ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಒಂದೇ ಅಂಕಿ ಮರುಕಳಿಸಿದರೆ ಅದೇ ಆಶ್ಚರ್ಯ. ಆದ್ದರಿಂದಲೇ ಬಿಡಿ ಅಂಕಿಗಿಂತ ಸರಾಸರಿಗೆ ಬೆಲೆ. ಏಳು ದಿನ ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು, ರಾತ್ರಿ ಮಲಗುವ ಮುನ್ನ, ಪ್ರತಿ ಹೊತ್ತಿನಲ್ಲೂ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯ 140/90ಕ್ಕೆ ಮನೆಯಲ್ಲಿ ಸಮನಾದದ್ದು 135/85. ಆಸ್ಪತ್ರೆಯಲ್ಲಿ ಮಾತ್ರ ಏರುವುದನ್ನು ಬಿಳಿ ಅಂಗಿಯ ಬಿಪಿ ಎನ್ನುತ್ತಾರೆ. ಅದಕ್ಕೆ ಕೂಡಲೇ ಮಾತ್ರೆ ಬೇಕಾಗದಿರಬಹುದು, ಆದರೆ ಮುಂದೆ ನಿಜವಾದ ಬಿಪಿಯಾಗುವ ಸಂಭವವಿರುವುದರಿಂದ ಆಗಾಗ ನೋಡುತ್ತಿರಬೇಕು. ಇದರ ತಿರುವುಮುರುವು ಇನ್ನೂ ಕೆಟ್ಟದ್ದು: ವೈದ್ಯರೆದುರು ಸರಿಯಿದ್ದು ಮನೆಯಲ್ಲಿ ಏರುವ ಮರೆಬಿಪಿ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಮಾತನ್ನು ಸೇರಿಸುತ್ತೇನೆ. ನಿಮಗೆ ಗರ್ಭಿಣಿಯಾಗಿದ್ದಾಗ ಬಿಪಿ ಏರಿತ್ತೇ? ಹೆರಿಗೆಯ ನಂತರ ಅದು ಇಳಿದುಹೋದರೂ, ಅಂಥವರಿಗೆ ಮುಂದಿನ ವರ್ಷಗಳಲ್ಲಿ ಅಧಿಕ ಒತ್ತಡ ಮತ್ತು ಹೃದ್ರೋಗದ ಸಂಭವ ಇತರರಿಗಿಂತ ಹೆಚ್ಚು. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದ್ದರಿಂದ ನೀವೇ ವೈದ್ಯರಿಗೆ ಹೇಳಬೇಕು.

ನೇರನುಡಿ:

ಎಲ್ಲರೂ ಅಳತೆಯ ಸುತ್ತ ಸುತ್ತುತ್ತಿದ್ದೀರಿ. ಮೂಲ ಪ್ರಶ್ನೆಗೆ ನನ್ನ ಉತ್ತರ ಸರಳ: ಜನರಿಗೆ ಜೀವನಪೂರ್ತಿ ಮಾತ್ರೆ ನುಂಗಲು ಇಷ್ಟವಿಲ್ಲ. ನಾನೂ ಅವರಲ್ಲೊಬ್ಬ. ಆರು ತಿಂಗಳು ತೆಗೆದುಕೊಂಡೆ, 126ಕ್ಕೆ ಬಂತು, ಬಿಟ್ಟೆ. ಈಗಲೂ ಚೆನ್ನಾಗಿಯೇ ಇದ್ದೇನೆ. ಬಿಪಿ ಮಾತ್ರೆ ಮೂತ್ರಪಿಂಡವನ್ನು ಹಾಳುಮಾಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಒಮ್ಮೆ ಶುರುಮಾಡಿದರೆ ದೇಹ ಅದಕ್ಕೆ ಒಗ್ಗಿಹೋಗಿ ಮತ್ತೆ ಬಿಡಲಾಗುವುದಿಲ್ಲವಂತೆ. ಇವುಗಳಿಗೆ ಉತ್ತರವಿದ್ದರೆ ಹೇಳಿ.

ಔಷಧಶಾಸ್ತ್ರದವಳು:

ನೇರನುಡಿಯವರೇ, ನೀವು ಬರೆದದ್ದು ಅನೇಕರು ಮನಸ್ಸಿನಲ್ಲಿಟ್ಟುಕೊಂಡು ಹೇಳದೆ ಉಳಿಯುವ ಮಾತು. ಅದಕ್ಕಾಗಿ ಅಭಿನಂದನೆ. ಉತ್ತರಿಸಲು ಪ್ರಯತ್ನಿಸುತ್ತೇನೆ.

126 ಬಂದದ್ದು ಮಾತ್ರೆಯ ಕೆಲಸದಿಂದ. ಬಹುತೇಕರಲ್ಲಿ ಅಧಿಕ ಒತ್ತಡಕ್ಕೆ ಒಂದೇ ಒಂದು ಕಾರಣವಿರುವುದಿಲ್ಲ. ಅನುವಂಶೀಯತೆ, ವಯಸ್ಸು, ಉಪ್ಪನ್ನು ಹೊರಹಾಕುವ ಮೂತ್ರಪಿಂಡದ ಸಾಮರ್ಥ್ಯ, ರಕ್ತನಾಳಗಳ ಬಿಗಿತ ಇವೆಲ್ಲ ಸೇರಿಕೊಂಡಿರುತ್ತವೆ. ಮಾತ್ರೆ ಅವುಗಳ ಪರಿಣಾಮವನ್ನು ತಡೆಹಿಡಿಯುತ್ತದೆಯೇ ಹೊರತು ಕಾರಣಗಳನ್ನು ಅಳಿಸುವುದಿಲ್ಲ. ಬಿಟ್ಟ ಮೇಲೆ ಒತ್ತಡ ಕೆಲವು ದಿನಗಳಲ್ಲೋ ವಾರಗಳಲ್ಲೋ ಹಳೆಯ ಮಟ್ಟಕ್ಕೆ ಮರಳುವುದೇ ಹೆಚ್ಚು. ಅದನ್ನು ಜನ ‘ದೇಹ ಒಗ್ಗಿಕೊಂಡಿದೆ’ ಎಂದು ಅರ್ಥೈಸುತ್ತಾರೆ. ಸಾಮಾನ್ಯವಾಗಿ ಬಳಸುವ ಬಿಪಿ ಮಾತ್ರೆಗಳಲ್ಲಿ ಚಟ ಹಿಡಿಸುವ ಗುಣವಿಲ್ಲ. ಆದರೆ ಕ್ಲೋನಿಡಿನ್ ಮತ್ತು ಬೀಟಾ ತಡೆಕಾರಕಗಳಂಥ ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಅಥವಾ ನಾಡಿ ಅಪಾಯಕಾರಿಯಾಗಿ ಜಿಗಿಯಬಹುದು. ಅವನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಇಳಿಸಬೇಕು. ತೂಕ ಗಣನೀಯವಾಗಿ ಇಳಿದು, ಉಪ್ಪು ಕಡಿಮೆಯಾಗಿ, ಮದ್ಯ ನಿಂತು, ಮಾತ್ರೆಯನ್ನು ಕಡಿಮೆ ಮಾಡಲು ಸಾಧ್ಯವಾದವರೂ ಇದ್ದಾರೆ. ಅಂಥ ಪ್ರಯತ್ನವನ್ನು ಅಳತೆಯ ದಾಖಲೆ ಇಟ್ಟುಕೊಂಡು, ಬರೆದುಕೊಟ್ಟವರಿಗೆ ತಿಳಿಸಿಯೇ ಮಾಡಬೇಕು.

ಮೂತ್ರಪಿಂಡದ ಮಾತು ಬಹುಪಾಲು ತಲೆಕೆಳಗಾಗಿದೆ. ಮೂತ್ರಪಿಂಡ ವೈಫಲ್ಯಕ್ಕೆ ಮಧುಮೇಹ ಮತ್ತು ಅಧಿಕ ರಕ್ತದೊತ್ತಡಗಳೇ ಪ್ರಮುಖ ಕಾರಣಗಳು. ರಾಮಿಪ್ರಿಲ್, ಎನಾಲಾಪ್ರಿಲ್‌ನಂಥ ಮಾತ್ರೆಗಳನ್ನೂ ಲೋಸಾರ್ಟನ್, ಟೆಲ್ಮಿಸಾರ್ಟನ್‌ನಂಥವನ್ನೂ, ಮೂತ್ರದಲ್ಲಿ ಪ್ರೋಟೀನ್ ಸೋರುವವರಿಗೆ ಮೂತ್ರಪಿಂಡದ ರಕ್ಷಣೆಗಾಗಿಯೇ ಕೊಡುತ್ತಾರೆ. ಇವನ್ನು ಆರಂಭಿಸಿದಾಗ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಸ್ವಲ್ಪ ಏರುವುದುಂಟು. ವರದಿಯಲ್ಲಿ ಅದನ್ನು ಕಂಡವರು ಮಾತ್ರೆಯಿಂದ ಹಾಳಾಯಿತು ಎಂದುಕೊಳ್ಳುತ್ತಾರೆ. ಏರಿಕೆ ಮಿತಿಯೊಳಗಿದೆಯೇ, ಪೊಟ್ಯಾಸಿಯಂ ಹೆಚ್ಚಾಗಿದೆಯೇ ಎಂದು ಒಂದೆರಡು ವಾರಗಳಲ್ಲಿ ರಕ್ತ ಪರೀಕ್ಷೆ ಮಾಡಿಸುವುದು ಈ ಕಾರಣಕ್ಕೆ. ಮೂತ್ರಪಿಂಡಕ್ಕೆ ನಿಜವಾಗಿ ತೊಂದರೆ ಕೊಡುವುದು, ಜೊತೆಗೆ ಒತ್ತಡವನ್ನೂ ಏರಿಸುವುದು, ಯಾರನ್ನೂ ಕೇಳದೆ ದಿನವೂ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾದರಿಯ ನೋವಿನ ಮಾತ್ರೆಗಳು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು, ಸ್ಟೀರಾಯ್ಡ್‌ಗಳು, ಕೆಲವು ಗರ್ಭನಿರೋಧಕ ಗುಳಿಗೆಗಳು ಕೂಡ ಒತ್ತಡ ಏರಿಸುತ್ತವೆ. ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯುತ್ತಿಲ್ಲ ಎನ್ನುವವರ ಚೀಲದಲ್ಲಿ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಡ್ಡಪರಿಣಾಮಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಆಮ್ಲೋಡಿಪಿನ್‌ನಿಂದ ಕಣಕಾಲು ಊದಿಕೊಳ್ಳುತ್ತದೆ. ರಾಮಿಪ್ರಿಲ್ ಗುಂಪಿನಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಮೂತ್ರವರ್ಧಕಗಳಿಂದ ಸೋಡಿಯಂ, ಪೊಟ್ಯಾಸಿಯಂ ಇಳಿಯಬಹುದು. ಕೆಮ್ಮಿಗೆ ತಿಂಗಳುಗಟ್ಟಲೆ ಔಷಧ ಕುಡಿದು, ಕೊನೆಗೆ ಬೇಸತ್ತು ಬಿಪಿ ಮಾತ್ರೆಯನ್ನೇ ಬಿಟ್ಟವರಿಗೆ ಅದರ ಬದಲು ಟೆಲ್ಮಿಸಾರ್ಟನ್ ಗುಂಪಿನದನ್ನು ಕೊಟ್ಟರೆ ಕೆಮ್ಮು ಸಾಮಾನ್ಯವಾಗಿ ನಿಲ್ಲುತ್ತದೆ. ಗುಂಪು ಬದಲಾಯಿಸುವ ಅವಕಾಶವಿದೆ ಎಂಬುದನ್ನು ರೋಗಿಗೆ ಮೊದಲ ದಿನವೇ ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ. ಈ ಎರಡೂ ಗುಂಪಿನ ಮಾತ್ರೆಗಳನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು ಎಂಬುದನ್ನೂ ಅದೇ ದಿನ ಹೇಳಬೇಕು.

ನಾಡಿಮಿಡಿತ ಅವರ ಮೂಲ ಪ್ರಶ್ನೆಗೆ ಸೇರುವ ಇನ್ನೊಂದು ಸಂಗತಿಯಿದೆ. ಒಂದು ಮಾತ್ರೆಯಿಂದ ಒತ್ತಡ ಇಳಿಯದಿದ್ದಾಗ ಅದರ ಪ್ರಮಾಣವನ್ನು ಇಮ್ಮಡಿ ಮಾಡುವುದು ರೂಢಿ. 2009ರಲ್ಲಿ 42 ಪ್ರಯೋಗಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಬೇರೆ ಗುಂಪಿನ ಎರಡನೆಯ ಔಷಧವನ್ನು ಸೇರಿಸುವುದರಿಂದ ಆಗುವ ಹೆಚ್ಚುವರಿ ಇಳಿಕೆ, ಒಂದರ ಪ್ರಮಾಣ ಇಮ್ಮಡಿಸುವುದರಿಂದ ಆಗುವುದಕ್ಕಿಂತ ಸುಮಾರು ಐದು ಪಟ್ಟು ಎಂದು ಕಂಡುಬಂತು. ಎರಡು ಔಷಧಗಳು ಕಡಿಮೆ ಪ್ರಮಾಣದಲ್ಲಿ ಒಂದೇ ಮಾತ್ರೆಯಲ್ಲಿದ್ದರೆ ಅಡ್ಡಪರಿಣಾಮವೂ ಕಡಿಮೆ, ಮರೆಯುವ ಸಂಭವವೂ ಕಡಿಮೆ. ಹೀಗಿದ್ದೂ, ಪ್ರತಿ ಭೇಟಿಯಲ್ಲಿ 150ರ ಆಸುಪಾಸು ಕಂಡರೂ ‘ಇದನ್ನೇ ಮುಂದುವರಿಸಿ’ ಎಂದು ಬರೆದು ಕಳುಹಿಸುವುದು ನಡೆದೇ ಇದೆ. ತಪ್ಪೆಲ್ಲವೂ ಮಾತ್ರೆ ಬಿಡುವವರದೇ ಎಂದು ನಾನು ಒಪ್ಪುವುದಿಲ್ಲ. ಅರ್ಧ ಜಡತ್ವ ನಮ್ಮ ಕಡೆಯದೂ ಇದೆ.

ನೇರನುಡಿ:

ವಿವರವಾದ ಉತ್ತರಕ್ಕೆ ಧನ್ಯವಾದ. ಎಲ್ಲವನ್ನೂ ಒಪ್ಪಿದೆ ಎನ್ನಲಾರೆ, ಆದರೆ ನೋವಿನ ಮಾತ್ರೆಯ ವಿಷಯ ನನಗೆ ಹೊಸದು. ಬೆನ್ನುನೋವಿಗೆ ಅದನ್ನು ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದೇನೆ. ಮೇಲೆ ಹೇಳಿದ ಏಳು ದಿನದ ಲೆಕ್ಕವನ್ನು ಬರೆದು ತೋರಿಸುತ್ತೇನೆ. ಒಂದು ಸಣ್ಣ ಪ್ರಶ್ನೆ: ಮಾತ್ರೆ ಬೆಳಿಗ್ಗೆ ತೆಗೆದುಕೊಳ್ಳಬೇಕೋ ರಾತ್ರಿಯೋ?

ಔಷಧಶಾಸ್ತ್ರದವಳು:

ಬ್ರಿಟನ್ನಿನಲ್ಲಿ 21,104 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಳಗಿನ ಗುಂಪಿಗೂ ಸಂಜೆಯ ಗುಂಪಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀವು ಮರೆಯದ ಹೊತ್ತೇ ಸರಿಯಾದ ಹೊತ್ತು. ಮೂತ್ರವರ್ಧಕವಿದ್ದರೆ ಮಾತ್ರ ಬೆಳಿಗ್ಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ರಾತ್ರಿ ಏಳಬೇಕಾಗುತ್ತದೆ. ನೋವಿನ ಮಾತ್ರೆಯ ವಿಷಯವನ್ನು ನಿಮ್ಮ ವೈದ್ಯರಿಗೆ ತಪ್ಪದೆ ಹೇಳಿ.

ನಿತ್ಯನಡಿಗೆ:

ಔಷಧದ ಮಾತು ಸಾಕಷ್ಟಾಯಿತು, ಉಪ್ಪಿನ ಬಗ್ಗೆ ಒಂದಿಷ್ಟು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ಐದು ಗ್ರಾಂ ಎಂದರೆ ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ, ಅದೂ ಎಲ್ಲ ಮೂಲಗಳಿಂದ ಸೇರಿ. ಊಟಕ್ಕೆ ಕುಳಿತಾಗ ಮೇಲುಪ್ಪು ಹಾಕಿಕೊಳ್ಳುವುದಿಲ್ಲ ಎಂದು ಹೇಳುವವರು ಪೊಟ್ಟಣದ ಆಹಾರದಲ್ಲಿ ಮೊದಲೇ ಬೆರೆತಿರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೊಟ್ಟಣದ ಹಿಂದೆ ಸೋಡಿಯಂ ಎಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಮೇಷ್ಟ್ರಿಗೆ ಇಷ್ಟವಾಗಬಹುದಾದ ಲೆಕ್ಕವಿದು.

2001ರಲ್ಲಿ ಪ್ರಕಟವಾದ ‘ಡ್ಯಾಶ್ ಸೋಡಿಯಂ’ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕಾಳು, ಕಡಿಮೆ ಕೊಬ್ಬಿನ ಹಾಲು ಹೆಚ್ಚಿರುವ ಆಹಾರವನ್ನೂ ಕಡಿಮೆ ಉಪ್ಪನ್ನೂ ಒಟ್ಟಿಗೆ ಪಾಲಿಸಿದಾಗ, ಬಿಪಿ ಇದ್ದವರಲ್ಲಿ ಮೇಲಿನ ಅಂಕಿ ಸುಮಾರು 11 ಇಳಿಯಿತು. ಒಂದು ಮಾತ್ರೆಯಿಂದ ಆಗುವ ಇಳಿಕೆಗೆ ಇದು ಕಡಿಮೆಯಿಲ್ಲ. ತೂಕ ಹೆಚ್ಚಿರುವವರಲ್ಲಿ ಪ್ರತಿ ಕಿಲೋ ಇಳಿದಾಗ ಅಂಕಿಯೂ ಸರಾಸರಿ ಒಂದರಷ್ಟು ಇಳಿಯುತ್ತದೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ನಾನೇನೂ ಹೇಳಬೇಕಿಲ್ಲ. ಹೆಚ್ಚು ಜನ ಗಮನಿಸದ ಸಂಗತಿ ನಿದ್ದೆಯದು: ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತು, ಹಗಲಿನಲ್ಲಿ ತೂಕಡಿಸುವವರಲ್ಲಿ ಬಿಪಿ ಹಟಮಾರಿಯಾಗಿರುತ್ತದೆ. ಇದನ್ನು ಗಮನಿಸಬಲ್ಲವರು ಪಕ್ಕದಲ್ಲಿ ಮಲಗುವವರೇ.

ಹೊಸ ಸದಸ್ಯೆ:

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಸಿಗುತ್ತದಲ್ಲ, ಅದನ್ನು ಬಳಸಬಹುದೇ?

ವೈದ್ಯಕೀಯ ಬೋಧಕ:

ಎಲ್ಲರೂ ಬಳಸಬಾರದು. ಚೀನಾದ 600 ಹಳ್ಳಿಗಳ 20,995 ಮಂದಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕನೆಯ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಗಂಭೀರ ಮೂತ್ರಪಿಂಡ ಕಾಯಿಲೆಯಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಮೂತ್ರಪಿಂಡದ ತೊಂದರೆಯಿರುವವರು, ಮತ್ತು ಮೇಲೆ ಹೇಳಿದ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳನ್ನೋ ಸ್ಪೈರನೊಲ್ಯಾಕ್ಟೋನ್ ಎಂಬ ಮೂತ್ರವರ್ಧಕವನ್ನೋ ತೆಗೆದುಕೊಳ್ಳುವವರು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪುವ ಅಪಾಯವಿರುವುದರಿಂದ ವೈದ್ಯರನ್ನು ಕೇಳದೆ ಬಳಸಬಾರದು.

ಅಮ್ಮನ ಜೊತೆ:

ನನ್ನ ತಾಯಿಗೆ ಎಂಬತ್ತೆರಡು. ಮೇಲಿನ ಅಂಕಿ 165, ಕೆಳಗಿನದು 70 ಮಾತ್ರ. ಮಾತ್ರೆ ಹೆಚ್ಚಿಸಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಇದನ್ನು ಇಳಿಸಲೇಬೇಕೇ, ಅಥವಾ ನೆಮ್ಮದಿಯಾಗಿರಲಿ ಎಂದು ಬಿಡಬೇಕೇ?

ವೈದ್ಯಕೀಯ ಬೋಧಕ:

ವಯಸ್ಸಾದಂತೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ಪೆಡಸಾಗಿ, ಹಿಗ್ಗಿ ಕುಗ್ಗುವ ಗುಣ ಕಳೆದುಕೊಳ್ಳುವುದರಿಂದ ಮೇಲಿನದು ಏರಿ ಕೆಳಗಿನದು ಇಳಿಯುತ್ತದೆ. ಇದು ವಯೋಸಹಜ ಎಂದು ಹಿಂದೆ ಬಿಟ್ಟುಬಿಡುತ್ತಿದ್ದರು. 2008ರಲ್ಲಿ ಪ್ರಕಟವಾದ ‘ಹೈವೆಟ್’ ಪ್ರಯೋಗದಲ್ಲಿ, 80 ದಾಟಿದ 3,845 ಮಂದಿಯಲ್ಲಿ 150/80ರ ಗುರಿಯಿಟ್ಟು ಚಿಕಿತ್ಸೆ ಕೊಟ್ಟಾಗ ಒಟ್ಟು ಸಾವುಗಳು ಶೇ. 21ರಷ್ಟು ಇಳಿದವು, ಹೃದಯ ವೈಫಲ್ಯ ಅರ್ಧಕ್ಕಿಂತಲೂ ಕಡಿಮೆಯಾಯಿತು. ಆದ್ದರಿಂದ ಬಿಟ್ಟುಬಿಡಿ ಎನ್ನಲಾರೆ. ಆದರೆ ಅಲ್ಲಿ ಸೇರಿದವರು ಆ ವಯಸ್ಸಿನವರಲ್ಲಿ ತಕ್ಕಮಟ್ಟಿಗೆ ಗಟ್ಟಿಯಾಗಿದ್ದವರು. ಸೊಂಟ ಮುರಿದರೆ ಗಳಿಸಿದ ಲಾಭವೆಲ್ಲ ಕಳೆದುಹೋಗುವಂಥ ವಯಸ್ಸಿದು.

ತಾಯಿಯವರನ್ನು ಐದು ನಿಮಿಷ ಮಲಗಿಸಿ ಅಳೆಯಿರಿ, ಬಳಿಕ ಹಿಡಿದು ನಿಲ್ಲಿಸಿ, ಒಂದು ನಿಮಿಷದ ಬಳಿಕ ಒಮ್ಮೆ, ಮೂರು ನಿಮಿಷದ ಬಳಿಕ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ವಿವರವನ್ನೇ ವೈದ್ಯರ ಮುಂದಿಡಿ. ಪ್ರಾಸ್ಟೇಟ್, ನಿದ್ದೆ, ಖಿನ್ನತೆ ಇತ್ಯಾದಿಗಳಿಗೆ ಕೊಡುವ ಬೇರೆ ಮಾತ್ರೆಗಳೂ ಹೀಗೆ ಮಾಡುವುದರಿಂದ ಎಲ್ಲ ಔಷಧಗಳ ಪಟ್ಟಿಯನ್ನೂ ಒಯ್ಯಬೇಕು. ನಿಮ್ಮ ತಾಯಿಯವರು ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲು ನೋಡಿ. ಔಷಧವನ್ನು ಒಂದೊಂದಾಗಿ, ಕಡಿಮೆ ಪ್ರಮಾಣದಲ್ಲಿ, ವಾರಗಳ ಅಂತರದಲ್ಲಿ ಏರಿಸಿದರೆ ಬಹಳ ಹಿರಿಯರೂ ಸಹಿಸಿಕೊಳ್ಳುತ್ತಾರೆ.

ನಾಡಿಮಿಡಿತ:

ಚರ್ಚೆ ನಾನು ನಿರೀಕ್ಷಿಸಿದ್ದಕ್ಕಿಂತ ಆಳಕ್ಕೆ ಹೋಗಿದೆ. ಕೈತಪ್ಪುವುದು ಒಂದೇ ಕಡೆಯಲ್ಲ ಎಂಬುದು ಸ್ಪಷ್ಟವಾಯಿತು: ತಪ್ಪಾಗಿ ಅಳೆದಲ್ಲಿ, ಇಳಿಯಿತೆಂದು ಬಿಟ್ಟಲ್ಲಿ, ಇಳಿಯದಿದ್ದರೂ ಬದಲಿಸದಲ್ಲಿ. ಇನ್ನೊಂದೇ ಪ್ರಶ್ನೆ ಉಳಿದಿದೆ. ಮನೆಯಲ್ಲಿ ಯಂತ್ರವಿಟ್ಟುಕೊಂಡವರು ಇದ್ದಕ್ಕಿದ್ದಂತೆ 180 ಕಂಡರೆ ಗಾಬರಿಯಿಂದ ಇನ್ನೊಂದು ಮಾತ್ರೆ ನುಂಗುತ್ತಾರೆ. ಅವರಿಗೆ ಏನು ಹೇಳಬೇಕು?

ಹಿರಿಯ ಶುಶ್ರೂಷಕಿ:

ಇನ್ನೊಂದು ಮಾತ್ರೆ ನುಂಗಬಾರದು ಎಂದೇ ಮೊದಲು ಹೇಳಬೇಕು. ಒತ್ತಡವನ್ನು ಒಮ್ಮೆಲೇ ಕೆಡವಿದರೆ ಮಿದುಳಿಗೂ ಹೃದಯಕ್ಕೂ ಹೋಗುವ ರಕ್ತ ಕಡಿಮೆಯಾಗಿ ಅದರಿಂದಲೇ ಅನಾಹುತವಾಗಬಹುದು. ನೋವು, ಭಯ, ನಿದ್ದೆಗೇಡು, ಮಾತ್ರೆ ತಪ್ಪಿಸಿದ್ದು ಇವುಗಳಿಂದಲೂ ಅಂಕಿ ಹಾಗೆ ಏರುತ್ತದೆ. ಕುಳಿತು, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಆಗಲೂ 180/120ರಷ್ಟಿದ್ದು ಬೇರಾವ ತೊಂದರೆಯೂ ಇಲ್ಲದಿದ್ದರೆ, ಅದೇ ದಿನ ವೈದ್ಯರನ್ನು ಸಂಪರ್ಕಿಸಿ ಅವರು ಹೇಳಿದಂತೆ ನಡೆಯಿರಿ.

ಅಂಕಿಯ ಜೊತೆಗೆ ಎದೆಯಲ್ಲಿ ಒತ್ತಿದಂಥ ನೋವು, ಅದು ದವಡೆಗೋ ತೋಳಿಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು, ದೃಷ್ಟಿ ಮಸುಕಾಗುವುದು, ಗೊಂದಲ, ಹಿಂದೆಂದೂ ಕಾಣದಷ್ಟು ಭಯಂಕರ ತಲೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈಯಲ್ಲಿ ಬಲವಿಲ್ಲದಿರುವುದು, ಮಾತು ತೊದಲುವುದು ಇವುಗಳಲ್ಲಿ ಒಂದಿದ್ದರೂ ಕಾಯುತ್ತಾ ಕೂರಬಾರದು. ಮಹಿಳೆಯರಲ್ಲಿಯೂ ಮಧುಮೇಹಿಗಳಲ್ಲಿಯೂ ಎದೆನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ, ಉಸಿರುಕಟ್ಟುವಿಕೆಯಾಗಿ ಹೃದಯಾಘಾತ ಬರಬಹುದು. ನಾಳದ ಹೆಪ್ಪಿನಿಂದಾದ ಪಾರ್ಶ್ವವಾಯುವಿಗೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೊಯ್ಯಿರಿ, ಆಂಬುಲೆನ್ಸ್ ಕರೆಯಿರಿ. ರೋಗಿ ತಾನೇ ವಾಹನ ಓಡಿಸಿಕೊಂಡು ಹೋಗಲು ಬಿಡಬೇಡಿ.